ಮಣ್ಣಿಲ್ಲದ ಕೈತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೈಡ್ರೋಪೋನಿಕ್ಸ್ (ಗೊಬ್ಬರ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವುದು), ಅಕ್ವಾಪೋನಿಕ್ಸ್ (ಮೀನು ಸಾಕಿದ ನೀರಿನಿಂದ ಗಿಡ ಬೆಳೆಸುವುದು) ಕುರಿತು ಉತ್ತರ ಕನ್ನಡದಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿದ್ದು ಪಂಪು, ಪೈಪು, ದೀಪಗಳ ವಿಚಾರ. ತೊಂದರೆಯ ಬೇರು ಮಾತ್ರ ಬಹುಪಾಲು ನೀರಿನಲ್ಲಿದೆ. ಕರಾವಳಿಯಲ್ಲಿ ಉಪ್ಪು ಮತ್ತು ಬಿಸಿ, ಘಟ್ಟದ ಮೇಲೆ ಲವಣವೇ ಇಲ್ಲದ ಸಪ್ಪೆ ನೀರು.

ಪ್ರಶ್ನೆ: ಚಳಿಗಾಲದಲ್ಲಿ ಲೆಟ್ಯೂಸ್ ಚೆನ್ನಾಗಿ ಬಂತು. ಮಾರ್ಚ್ ನಂತರ ಅದೇ ಡಬ್ಬಿ, ಅದೇ ಗೊಬ್ಬರ, ಆದರೆ ಎಲೆಯಂಚು ಸುಟ್ಟು ಗಿಡ ಕುಗ್ಗುತ್ತಿದೆ. ಗೊಬ್ಬರ ಹೆಚ್ಚಿಸಿದರೆ ಇನ್ನಷ್ಟು ಕೆಟ್ಟಿತು. ಇಸಿ ಮೀಟರ್ (ನೀರಿನಲ್ಲಿ ಕರಗಿದ ಲವಣವನ್ನು mS/cm ಅಂಕಿಯಲ್ಲಿ ತೋರಿಸುವ ಸಾಧನ) 2.4 ತೋರಿಸುತ್ತದೆ. ಬಾವಿ ನೀರು ಬಳಸುತ್ತೇವೆ. (ಕೋಡಿಬಾಗ, ಕಾರವಾರ)

ಗೊಬ್ಬರ ಹಾಕುವ ಮೊದಲು ಬರೀ ಬಾವಿ ನೀರಿಗೆ ಮೀಟರ್ ಅದ್ದಿ ನೋಡಿ. ಸಮುದ್ರಕ್ಕೂ ಕಾಳಿ ನದಿಯ ಅಳಿವೆಗೂ ಹತ್ತಿರದ ಬಾವಿಗಳಲ್ಲಿ ಮಾರ್ಚ್‌ನಿಂದ ಮೇ ತನಕ ಸಿಹಿನೀರಿನ ಪದರ ತೆಳುವಾಗಿ ಉಪ್ಪು ಮೇಲೇರುತ್ತದೆ. ಬಾಯಿಗೆ ಅಷ್ಟಾಗಿ ಗೊತ್ತಾಗದ ಉಪ್ಪು ಬೇರಿಗೆ ಗೊತ್ತಾಗುತ್ತದೆ. ಬರೀ ನೀರೇ 1.2 ಇದ್ದರೆ ನಿಮ್ಮ 2.4ರಲ್ಲಿ ಅರ್ಧ ಮಾತ್ರ ಗಿಡದ ಊಟ, ಉಳಿದದ್ದು ಬಹುಪಾಲು ಉಪ್ಪು. ಲೆಟ್ಯೂಸಿಗೆ ಒಟ್ಟು 0.8ರಿಂದ 1.2 ಸಾಕು. ನೀವು ಗೊಬ್ಬರ ಹೆಚ್ಚಿಸಿದಷ್ಟೂ ಬೇರು ನೀರು ಹೀರಲು ಒದ್ದಾಡುತ್ತದೆ.

ಸೋಡಿಯಂ ಅನ್ನು ಗಿಡ ಹೆಚ್ಚಾಗಿ ಹೀರುವುದಿಲ್ಲ. ನೀರನ್ನಷ್ಟೇ ಕುಡಿದು ಉಪ್ಪನ್ನು ಡಬ್ಬಿಯಲ್ಲೇ ಬಿಡುತ್ತದೆ. 20 ಲೀಟರ್ ಡಬ್ಬಿಗೆ ದಿನಕ್ಕೆ 2 ಲೀಟರ್‌ನಂತೆ ಹತ್ತು ದಿನ ನೀರು ತುಂಬಿಸಿದರೆ 40 ಲೀಟರಿನ ಉಪ್ಪು 20 ಲೀಟರಿನಲ್ಲಿ ಕೂತಿರುತ್ತದೆ. ಬರೀ ನೀರು 0.5ರೊಳಗಿದ್ದರೆ ಚಿಂತೆಯಿಲ್ಲ. 0.8ರವರೆಗಿದ್ದರೆ ಹತ್ತು ದಿನಕ್ಕೊಮ್ಮೆ ಡಬ್ಬಿಯ ನೀರನ್ನೆಲ್ಲ ತೆಂಗಿನ ಬುಡಕ್ಕೆ ಚೆಲ್ಲಿ ಹೊಸದು ತುಂಬಿ. 1.0 ದಾಟಿದರೆ ಅರ್ಧಕ್ಕರ್ಧ ಮಳೆನೀರೋ ಆರ್‌ಒ ನೀರೋ ಬೆರೆಸಲೇಬೇಕು. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಬಾವಿ ನೀರಿಗಿಂತ ಉಪ್ಪು, ಅದು ಬೇಡ. ಮಳೆಗಾಲದಲ್ಲಿ ಮಾಡಿನ ನೀರನ್ನು 500 ಲೀಟರ್ ಡ್ರಮ್ಮಿನಲ್ಲಿ ಬೆಳಕು ತಾಗದಂತೆ ಮುಚ್ಚಿಟ್ಟರೆ ಬೇಸಿಗೆಗೆ ಅದೇ ದೊಡ್ಡ ಆಸ್ತಿ.

ಹಳೆಯ ಎಲೆಗಳ ಅಂಚು ಸುಟ್ಟರೆ ಉಪ್ಪು ಎಂದುಕೊಳ್ಳಿ. ಜುಲೈನಲ್ಲಿ ಒಳಗಿನ ಎಳೆ ಎಲೆಗಳ ತುದಿ ಕಪ್ಪಾದರೆ ಕಾರಣ ಬೇರೆ. ಗಾಳಿಯಲ್ಲಿ ತೇವ ತುಂಬಿದಾಗ ಎಲೆಯಿಂದ ನೀರು ಆವಿಯಾಗುವುದಿಲ್ಲ, ನೀರಿನ ಜೊತೆ ಸಾಗಬೇಕಾದ ಕ್ಯಾಲ್ಸಿಯಂ ತುದಿಗೆ ತಲುಪುವುದಿಲ್ಲ. ಆಗ ಗೊಬ್ಬರ ಹೆಚ್ಚಿಸಿ ಪ್ರಯೋಜನವಿಲ್ಲ. ಎಲೆ ಸಣ್ಣಗೆ ಅಲುಗುವಂತೆ ಪುಟ್ಟ ಫ್ಯಾನ್ ಇಡಿ.

ಇನ್ನೊಂದು ಮಾತು: ಕಾರವಾರದ ಏಪ್ರಿಲ್‌ನಲ್ಲಿ ಲೆಟ್ಯೂಸ್ ಹಟ ಬಿಡುವುದು ಒಳ್ಳೆಯದು. ಉಪ್ಪು ಸರಿಪಡಿಸಿದರೂ ಸೆಕೆಗೆ ಕಹಿಯಾಗಿ ಹೂಕಾಂಡ ಎಬ್ಬಿಸುತ್ತದೆ. ಆ ಮೂರು ತಿಂಗಳು ಬಸಳೆ ಹಾಕಿ. ಒಂದು ಗೇಣುದ್ದದ ಬಳ್ಳಿಯ ಎರಡು ಗೆಣ್ಣು ನೀರಿನಲ್ಲಿ ಮುಳುಗುವಂತೆ ಇಟ್ಟರೆ ವಾರದಲ್ಲಿ ಬೇರು ಬಿಡುತ್ತದೆ. ಬಸಳೆಗೆ ನೀರಿನ ದಾಹ ಜಾಸ್ತಿ, 2 ಲೀಟರ್ ಬಾಟಲಿ ಸಾಲದು, 15–20 ಲೀಟರ್ ಬಕೆಟ್ಟೇ ಬೇಕು.

ಪ್ರಶ್ನೆ: ನಮ್ಮಲ್ಲಿ ಅಬ್ಬಿ ನೀರು (ಗುಡ್ಡದ ಒರತೆಯಿಂದ ಹರಿದು ಬರುವ ನೀರು). ಪಿಎಚ್ (ನೀರಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸರಿ ಮಾಡಿಟ್ಟರೆ ಮೂರೇ ದಿನಕ್ಕೆ 4.5ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಕಿಟಕಿಯ ಬಳಿಯೂ ಬೆಳಕಿಲ್ಲ, ಹರಿವೆ ಎಳೆ ಎಳೆಯಾಗಿ ಬಗ್ಗುತ್ತದೆ. ಎಂಥ ದೀಪ ಹಾಕಲಿ? (ಶಿರಸಿ)

ಅಬ್ಬಿ ನೀರಿನಲ್ಲಿ ಲವಣ ಬಹಳ ಕಡಿಮೆ. ಹುಳಿಯನ್ನು ತಡೆದುಕೊಳ್ಳುವ ಬೈಕಾರ್ಬೊನೇಟ್ ಇಲ್ಲದ್ದರಿಂದ ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ. ಗೊಬ್ಬರದಲ್ಲಿ ಅಮೋನಿಯಂ ಇದ್ದರೆ ಬೇರು ಅದನ್ನು ಹೀರಿದಂತೆ ಹುಳಿ ಬಿಡುತ್ತದೆ, ಪಿಎಚ್ ಕುಸಿಯುತ್ತದೆ. 10 ಲೀಟರ್‌ಗೆ 1 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್ ಹಾಕಿ, ಒಂದು ತಾಸು ಬಿಟ್ಟು ಅಳೆಯಿರಿ. 5.5ರಿಂದ 6.5ರೊಳಗೆ ಎಲ್ಲಿ ನಿಂತರೂ ಸರಿ, 6.0 ಬರಲೇಬೇಕೆಂದು ದಿನವೂ ಸುರಿಯಬೇಡಿ. ಅಡುಗೆ ಸೋಡಾ ಬೇಡ, ಅದರಲ್ಲಿರುವುದು ಸೋಡಿಯಂ. ಬರೀ ಅಬ್ಬಿ ನೀರಿನಲ್ಲಿ ಪಿಎಚ್ ಮೀಟರ್ ಸುಮ್ಮನೆ ಅಲೆದಾಡುತ್ತದೆ, ಅದರ ಅಂಕಿ ನಂಬಬೇಡಿ. ಗೊಬ್ಬರ ಕರಗಿದ ಮೇಲೆ ಅಳೆಯಿರಿ. ತಿಂಗಳಿಗೊಮ್ಮೆ ಪಿಎಚ್ 4 ಮತ್ತು 7 ಎಂದು ಗೊತ್ತುಮಾಡಿದ ಬಫರ್ ದ್ರಾವಣದಲ್ಲಿ ಮೀಟರನ್ನು ಸರಿಹೊಂದಿಸಿ.

ದೀಪದ ಲೆಕ್ಕ ಹೀಗೆ. ಎಲೆ ತರಕಾರಿಗೆ ಎಲೆಯ ಮಟ್ಟದಲ್ಲಿ ಸುಮಾರು 10,000 ಲಕ್ಸ್, ದಿನಕ್ಕೆ 14 ತಾಸು ಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಪಾಟಿಗೆ 20 ವ್ಯಾಟಿನ ಬಿಳಿ ಎಲ್ಇಡಿ ಟ್ಯೂಬ್ ನಾಲ್ಕು, ಎಲೆಗಿಂತ ಒಂದು ಗೇಣು ಎತ್ತರದಲ್ಲಿ. ಒಂದೇ ಟ್ಯೂಬ್ ಹಾಕಿ ಗಿಡ ಬಗ್ಗಿತು ಎನ್ನುವವರೇ ಹೆಚ್ಚು. ನಾಲ್ಕೂ ಸೇರಿ 80 ವ್ಯಾಟ್, 14 ತಾಸಿಗೆ 1.1 ಯೂನಿಟ್, ತಿಂಗಳಿಗೆ 34 ಯೂನಿಟ್ ಹತ್ತಿರ. ಕೆಂಪು-ನೀಲಿ ದೀಪಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಬಿಳಿ ಬೆಳಕಿನಲ್ಲೂ ಗಿಡ ಬೆಳೆಯುತ್ತದೆ, ಮೇಲಾಗಿ ಎಲೆಯ ರೋಗ ಕಣ್ಣಿಗೆ ಕಾಣುತ್ತದೆ.

ಹರಿವೆ ಬಿಸಿಲಿನ ಗಿಡ, ದೀಪದಡಿ ಅದಕ್ಕೆ ತೃಪ್ತಿಯಿಲ್ಲ. ಮಳೆಗಾಲದ ಕಪಾಟಿಗೆ ಒಂದೆಲಗ, ಪುದೀನ, ಲೆಟ್ಯೂಸ್ ಸರಿ. ತಂಬುಳಿಗೆ ಬೇಕಾದಷ್ಟು ಒಂದೆಲಗ ಎರಡು ಅಡಿ ಜಾಗದಲ್ಲೇ ಸಿಗುತ್ತದೆ.

ಪ್ರಶ್ನೆ: ಗೊಬ್ಬರದ ಅಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಹಾಕಿದರೆ ಸಾಕೇ? ಹೈಡ್ರೋಪೋನಿಕ್ಸ್ ಗೊಬ್ಬರ ದುಬಾರಿ. (ಹೊನ್ನಾವರ)

ಸಾಲದು. 19:19:19ರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ. ಮಣ್ಣಿನಲ್ಲಾದರೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಕೊಡುತ್ತವೆ, ಬರೀ ನೀರಿನಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ಯೂರಿಯಾ ವಿದ್ಯುತ್ ಹರಿಸದ ವಸ್ತುವಾದ್ದರಿಂದ ಇಸಿ ಮೀಟರಿಗೂ ಕಾಣುವುದಿಲ್ಲ. ಮೀಟರ್ ನೋಡಿ ಹಾಕಲು ಹೋದರೆ ಅಳತೆ ಮೀರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಅದರಲ್ಲಿಲ್ಲ.

ಅದೇ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಲವಣಗಳಿಂದ ನೀವೇ ಮಾಡಿಕೊಳ್ಳಬಹುದು. 100 ಲೀಟರ್ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 70 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ (13:0:45) 40 ಗ್ರಾಂ, ಮೋನೋ ಪೊಟ್ಯಾಸಿಯಂ ಫಾಸ್ಫೇಟ್ (0:52:34) 18 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 40 ಗ್ರಾಂ, ಡಿಟಿಪಿಎ ಕಬ್ಬಿಣ (ಕೀಲೇಟ್, ಅಂದರೆ ನೀರಿನಲ್ಲಿ ಕರಗಿಯೇ ಉಳಿಯುವ ರೂಪದ ಕಬ್ಬಿಣ) 2 ಗ್ರಾಂ. ಜೊತೆಗೆ ಕೀಲೇಟ್ ರೂಪದ ಲಘು ಪೋಷಕಾಂಶದ ಮಿಶ್ರಣವನ್ನು ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ. ಕಣ್ಣಳತೆಯಲ್ಲಿ ಬೇಡ, ಬೋರಾನ್ ತುಸು ಹೆಚ್ಚಾದರೂ ಎಲೆ ಸುಡುತ್ತದೆ. ಇಸಿ 1.5ರ ಆಸುಪಾಸು ಬರುತ್ತದೆ, ಹರಿವೆ, ಬಸಳೆ, ಪಾಲಕ್‌ಗೆ ಸರಿಹೋಗುತ್ತದೆ. ಲೆಟ್ಯೂಸಿಗೆ ಮೂರರಲ್ಲೊಂದು ಪಾಲು ನೀರು ಸೇರಿಸಿ ತೆಳು ಮಾಡಿ.

ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಕ್ಯಾನಿನಲ್ಲೇ ಕರಗಿಸಿ. ಗಟ್ಟಿ ದ್ರಾವಣದಲ್ಲಿ ಅದು ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿದರೆ ಸುಣ್ಣದಂಥ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಮತ್ತೆ ಕರಗುವುದಿಲ್ಲ, ಗೊಬ್ಬರ ಹೋದಂತೆ. ಮೊದಲು 80 ಲೀಟರ್ ನೀರು ತುಂಬಿಸಿ, ಒಂದನ್ನು ಹಾಕಿ ಕಲಸಿ, ಆಮೇಲೆ ಇನ್ನೊಂದು.

ಪ್ರಶ್ನೆ: ಪಿಎಚ್ ಇಳಿಸಲು ಲಿಂಬೆ ಅಥವಾ ಮುರುಗಲ ಹುಳಿ ಆಗುತ್ತದೆಯೇ? (ಸಿದ್ದಾಪುರ)

ಒಂದೆರಡು ದಿನಕ್ಕೆ ಆಗುತ್ತದೆ. ಅವು ಸಾವಯವ ಆಮ್ಲಗಳು, ಬ್ಯಾಕ್ಟೀರಿಯಾ ತಿಂದು ಮುಗಿಸಿದೊಡನೆ ಪಿಎಚ್ ಮತ್ತೆ ಏರುತ್ತದೆ, ಬೇರಿನ ಸುತ್ತ ಲೋಳೆ ಕಟ್ಟುತ್ತದೆ. ತೆಳುಗೊಳಿಸಿದ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಬಳಸಿ, ಕೈಗೆ ಗ್ಲೌಸ್ ಇರಲಿ. ಮುರುಗಲನ್ನು ಸಾರಿಗೇ ಇಟ್ಟುಕೊಳ್ಳಿ.

ಪ್ರಶ್ನೆ: ಊರಿನಲ್ಲೇ ಸಿಗುವ ತೆಂಗಿನ ನಾರಿನ ಹುಡಿಯಲ್ಲಿ ಸಸಿ ಹಳದಿಯಾಗುತ್ತದೆ. ಗಜನಿ (ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಪಕ್ಕದ ನೀರನ್ನು ಬಳಸಬಹುದೇ? (ಕುಮಟಾ)

ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯ ಹುಡಿಯಲ್ಲಿ ಸೋಡಿಯಂ ಇದ್ದೇ ಇರುತ್ತದೆ. ಹುಡಿ ಸೋಡಿಯಂ, ಪೊಟ್ಯಾಸಿಯಮ್ಮನ್ನು ಹೊರಬಿಟ್ಟು ನೀವು ಕೊಟ್ಟ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಆಮೇಲೆ 5 ಕೆಜಿ ಒಣ ಹುಡಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮತ್ತೆ ತೊಳೆಯಿರಿ. ಹಿಂಡಿದ ನೀರಿನ ಇಸಿ 0.5ಕ್ಕೆ ಇಳಿಯುವ ತನಕ ತೊಳೆಯಬೇಕು. ಗಜನಿ ನೀರು ಬೇಡ. ಅಲ್ಲಿ ನಿಲ್ಲುವುದು ಉಪ್ಪಿಗೆ ಒಗ್ಗಿದ ಕಗ್ಗ ಭತ್ತ, ಲೆಟ್ಯೂಸ್ ಅಲ್ಲ.

ಪ್ರಶ್ನೆ: ಸಿಟೌಟಿನಲ್ಲಿ 200 ಲೀಟರ್ ಡ್ರಮ್ಮಿಗೆ ಅಕ್ವಾಪೋನಿಕ್ಸ್ ಮಾಡಿ ತಿಲಾಪಿಯಾ ಮರಿ ಬಿಟ್ಟೆ. ಎರಡು ವಾರದಲ್ಲಿ ಒಂದೊಂದಾಗಿ ಸತ್ತವು. ನೀರು ಮಾತ್ರ ತಿಳಿಯಾಗಿತ್ತು. ಅಳಿವೆಯ ಮೀನು ಬಿಟ್ಟರೆ ಬದುಕುತ್ತವೆಯೇ? (ಅಂಕೋಲಾ)

ತಿಳಿ ನೀರೆಂದರೆ ಒಳ್ಳೆಯ ನೀರೆಂದಲ್ಲ, ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನಿನ ಕಿವಿರಿನಿಂದ ಬರುವ ಅಮೋನಿಯಾವನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಕ್ಕೆ ಊಟ, ಮೊದಲಿನ ಎರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ಗಿಡ ನಿಲ್ಲುವ ಜಲ್ಲಿಯ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಅದಕ್ಕೂ ಮೊದಲೇ ಮೀನು ಬಿಟ್ಟಿದ್ದೀರಿ. ಪಿಎಚ್ ಕೂಡ ನೋಡಬೇಕು: 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ. 1ಕ್ಕಿಂತ ಕಡಿಮೆ ಪಾಲು ವಿಷ ರೂಪದಲ್ಲಿರುತ್ತದೆ, 8 ಆದರೆ ಶೇ. 6 ದಾಟುತ್ತದೆ.

ಮೀನಿಲ್ಲದೆ ಶುರು ಮಾಡಿ. 200 ಲೀಟರ್‌ಗೆ 1.5 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ, ಕರಗಿಸಿ ಪಂಪು ಓಡಿಸಿ. ನಲ್ಲಿ ನೀರಾದರೆ ಮೊದಲು ಒಂದು ದಿನ ಗಾಳಿಯಾಡಿಸಿ ಕ್ಲೋರಿನ್ ಬಿಡಿಸಿಕೊಳ್ಳಿ. ಅಕ್ವೇರಿಯಂ ಅಂಗಡಿಯ ಪರೀಕ್ಷಾ ಕಿಟ್ಟಿನಿಂದ ಎರಡು ದಿನಕ್ಕೊಮ್ಮೆ ನೋಡಿ. ಅಮೋನಿಯಾ ಇಳಿದಾಗ ಅಷ್ಟೇ ಪ್ರಮಾಣದ ನವಸಾಗರ ಮತ್ತೆ ಹಾಕಿ. ಒಮ್ಮೆ ಹಾಕಿದ್ದು 24 ತಾಸಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಡ್ರಮ್ ತಯಾರು. ಹಳೆಯ ಅಕ್ವೇರಿಯಮ್ಮಿನ ಫಿಲ್ಟರ್ ಸ್ಪಂಜನ್ನು ಇಲ್ಲಿ ಹಿಂಡಿದರೆ ಬೇಗ ಆಗುತ್ತದೆ.

ತಿಲಾಪಿಯಾ ಸಾಕಲು ಸರ್ಕಾರದ ಅನುಮತಿ ಬೇಕು, ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷಿದ್ಧ. ಅಳಿವೆಯ ಮೀನಿಗೆ ಒಪ್ಪುವ ಉಪ್ಪು ತರಕಾರಿಗೆ ಒಪ್ಪದು. 200 ಲೀಟರಿನಲ್ಲಿ ಊಟಕ್ಕೆ ಮೀನು ಬೆಳೆಸುವ ಆಸೆಯನ್ನು ನಾವು ಪ್ರೋತ್ಸಾಹಿಸುವುದಿಲ್ಲ. ಗಪ್ಪಿ, ಮೋಲಿ, ಗೌರಾಮಿ ಬಿಡಿ. ದೊಡ್ಡದಾದ ಮೇಲೂ ಒಟ್ಟು ತೂಕ 2 ಕೆಜಿ ದಾಟಬಾರದು.

ಪಂಪು ನೀರೆತ್ತಿ ತುಂಬಿಸುವ ಗಿಡದ ಹಾಸಿಗೆ 12–20 ಮಿ.ಮೀ. ಕರಿಕಲ್ಲಿನ ಜಲ್ಲಿ, ಒಂದಡಿ ಆಳ, 200 ಲೀಟರ್ ಗಾತ್ರ. ಕಲ್ಲಿನ ಮೇಲೆ ವಿನೆಗರ್ ಬಿಟ್ಟರೆ ನೊರೆ ಬರಬಾರದು. ಹಾಸು ತುಂಬಿದಾಗ ಡ್ರಮ್ಮಿನಿಂದ ಸುಮಾರು 80 ಲೀಟರ್ ಮೇಲೇರಿರುತ್ತದೆ, ಉಳಿದ ನೀರಿನಲ್ಲೂ ಪಂಪು ಮುಳುಗಿರಬೇಕು. ತಾಸಿಗೊಮ್ಮೆ ಡ್ರಮ್ಮಿನ ನೀರೆಲ್ಲ ತಿರುಗಬೇಕು. ಪಂಪಿನ ಮೇಲೆ ಬರೆದ ಅಂಕಿ ನೀರು ಎತ್ತದಿದ್ದಾಗಿನದು, ಹಾಗಾಗಿ ತಾಸಿಗೆ 800 ಲೀಟರಿನದು ತನ್ನಿ. ನೀರು, ಜಲ್ಲಿ ಸೇರಿ ಅರ್ಧ ಟನ್ ದಾಟುತ್ತದೆ. ಹಳೆಯ ಮನೆಯ ಮರದ ಮಹಡಿಯ ಮೇಲೆ ಇಡಲೇಬೇಡಿ.

ಆಹಾರ ದಿನಕ್ಕೆ 10 ಗ್ರಾಂನಿಂದ ಶುರು ಮಾಡಿ, ತಿಂಗಳುಗಳ ಮೇಲೆ 25 ಗ್ರಾಂಗೆ ಏರಿಸಿ. ಹತ್ತು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ಎತ್ತಿ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ಪಿಎಚ್ ಇಳಿಯುತ್ತದೆ, 6ಕ್ಕಿಂತ ಕೆಳಗೆ ಹೋದರೆ ಅದರ ಕೆಲಸ ನಿಂತಂತೆಯೇ. ಉಪ್ಪು ಹೋಗುವಂತೆ ತೊಳೆದು ಜಜ್ಜಿದ ಕಡಲ ಚಿಪ್ಪು ಅರ್ಧ ಕೆಜಿಯನ್ನು ಬಲೆಯ ಚೀಲದಲ್ಲಿ ನೀರು ಬೀಳುವಲ್ಲಿ ತೂಗುಹಾಕಿ, 6.8–7.0ರಲ್ಲಿ ನಿಲ್ಲುತ್ತದೆ. ಹೈಡ್ರೋಪೋನಿಕ್ಸ್ ಡಬ್ಬಿಗೆ ಇದೇ ಚಿಪ್ಪು ಬೇಡ, ಅಲ್ಲಿ ಪಿಎಚ್ ಏರಿಸಿ ಕಬ್ಬಿಣ ಸಿಗದಂತೆ ಮಾಡುತ್ತದೆ. ಎಳೆ ಎಲೆ ಹಳದಿ, ನರ ಹಸಿರು ಕಂಡರೆ ಡಿಟಿಪಿಎ ಕಬ್ಬಿಣ 3 ಗ್ರಾಂ, ಮೂರು ವಾರಕ್ಕೊಮ್ಮೆ. ಬೇವಿನೆಣ್ಣೆ, ಸೋಪಿನ ನೀರು ಸಿಂಪಡಿಸಬೇಡಿ, ಎರಡೂ ಮೀನಿಗೆ ಕೆಡುಕು. ಗಿಡದ ಹೇನನ್ನು ನೀರಿನ ರಭಸದಿಂದ ತೊಳೆದರೆ ಸಾಕು.

ಪ್ರಶ್ನೆ: ಮೇ ತಿಂಗಳಲ್ಲಿ ಬೇರು ಕಂದಾಗಿ ಲೋಳೆಯಾಯಿತು. ಟ್ಯಾಂಕಿಗೆ ಒದ್ದೆ ಗೋಣಿ ಸುತ್ತಿದರೂ ತಂಪಾಗಲಿಲ್ಲ. ಕರೆಂಟೂ ಆಗಾಗ ಹೋಗುತ್ತದೆ. (ಭಟ್ಕಳ)

ಒದ್ದೆ ಗೋಣಿ ಬಯಲುಸೀಮೆಯ ಉಪಾಯ. ಕರಾವಳಿಯ ತೇವದ ಗಾಳಿಯಲ್ಲಿ ನೀರು ಆರುವುದೇ ಕಡಿಮೆ, ತಂಪು ಎಲ್ಲಿಂದ ಬರಬೇಕು? 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಸೆಕೆಗೆ ಬೇರು ಉಸಿರಾಡುವುದೂ ಹೆಚ್ಚು. ಉಸಿರುಕಟ್ಟಿದ ಬೇರಿಗೆ ಪಿಥಿಯಂ ಎಂಬ, ಬೇರು ಕೊಳೆಸುವ ರೋಗಾಣು ಹತ್ತುತ್ತದೆ. 1 ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಮಧ್ಯಾಹ್ನ 20 ಲೀಟರ್ ಡಬ್ಬಿಗೆ ಇಳಿಬಿಟ್ಟರೆ ಸುಮಾರು 5 ಡಿಗ್ರಿ ಇಳಿಯುತ್ತದೆ. ಡಬ್ಬಿಗೆ ಬಿಳಿ ಬಣ್ಣ ಬಳಿದು ನೆಲದ ಮೇಲಿಡಿ. ಲೋಳೆ ಬಂದ ಗಿಡ ಕಿತ್ತೆಸೆದು ಡಬ್ಬಿಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು ಒಣಗಿಸಿ.

ಕರೆಂಟು ನಂಬಲಾಗದ ಮನೆಗೆ ಪೈಪಿನಲ್ಲಿ ತೆಳುವಾಗಿ ನೀರು ಹರಿಸುವ ಎನ್‌ಎಫ್‌ಟಿ ಪದ್ಧತಿ ಬೇಡ. ಪಂಪು ನಿಂತ ಒಂದೆರಡು ತಾಸಿಗೆ ಬೇರು ಒಣಗಲು ಶುರುವಾಗುತ್ತದೆ. ಆಳದ ಡಬ್ಬಿಗೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 5 ವ್ಯಾಟಿನ ಏರ್ ಪಂಪು ಹತ್ತು ತಾಸು ಓಡುತ್ತದೆ. ಪಂಪೇ ಇಲ್ಲದೆ, ಗಿಡ ಕುಡಿದಂತೆ ಡಬ್ಬಿಯ ನೀರು ಇಳಿಯುತ್ತ ಹೋಗುವ ಕ್ರಾಟ್ಕಿ ಪದ್ಧತಿಯೂ ಆದೀತು, ಆದರೆ ನೀರು ಇಳಿದಾಗ ಮತ್ತೆ ಬಾಯಿಯವರೆಗೆ ತುಂಬಬೇಡಿ. ಮೇಲಿನ ಮೂರು ನಾಲ್ಕು ಇಂಚು ಬೇರು ಗಾಳಿಯಲ್ಲಿ ಉಸಿರಾಡಲು ಕಲಿತಿರುತ್ತದೆ, ಮುಳುಗಿಸಿದರೆ ಸಾಯುತ್ತದೆ. ನೆಟ್ ಪಾಟಿನ (ಗಿಡ ಹಿಡಿದಿಡುವ ತೂತಿನ ಪುಟ್ಟ ಕುಂಡ) ಸುತ್ತಲಿನ ಸಂದಿಗೆ ಸ್ಪಂಜ್ ತುರುಕಿ. ನಿಂತ ನೀರಿನ ಡಬ್ಬಿಗೆ ಸಂದಿ ಇದ್ದರೆ ವಾರ ಹತ್ತು ದಿನದಲ್ಲಿ ಸೊಳ್ಳೆ ಹೊರಗೆ ಬರುತ್ತದೆ, ಡೆಂಗಿ ತರುವ ಸೊಳ್ಳೆಗೆ ಮನೆಯೊಳಗಿನ ಇಂಥ ನೀರೇ ಇಷ್ಟ.