ರೆಗ್ಯುಲೇಟರ್ ಬದಲಿಸಬೇಡ, ತಂಗಿ

ಪ್ರಶ್ನೆ: ನಮ್ಮ ಮನೆಯಲ್ಲಿ ನಿಮಿಷಕ್ಕೆ 6 ಲೀಟರಿನ ಗ್ಯಾಸ್ ಗೀಸರ್ ಇದೆ. ಮೇ ತಿಂಗಳಲ್ಲಿ ಮೈ ಸುಡುವಷ್ಟು ಬಿಸಿ ನೀರು ಬರುತ್ತಿತ್ತು. ಈಗ ಚಳಿಯಲ್ಲಿ ಬರೀ ಉಗುರುಬೆಚ್ಚಗೆ. ರಿಪೇರಿಗೆ ಬಂದ ಹುಡುಗ ಹೋಟೆಲ್‌ನವರು ಬಳಸುವ ರೆಗ್ಯುಲೇಟರ್ ಹಾಕಿ ಗ್ಯಾಸ್ ಒತ್ತಡ ಏರಿಸೋಣ ಅನ್ನುತ್ತಾನೆ. ಹಾಕಿಸಲೇ ಅಣ್ಣಾ?
– ಓದುಗರೊಬ್ಬರು, ಬೀದರ್

ಉತ್ತರ: ಬೇಡ ತಂಗಿ. ಮನೆಯ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್ ಒತ್ತಡ. ಗೀಸರಿನ ಬರ್ನರ್ ಅಷ್ಟಕ್ಕೇ ಮಾಡಿದ್ದು. ಜಾಸ್ತಿ ಗ್ಯಾಸ್ ನುಗ್ಗಿಸಿದರೆ ಅದಕ್ಕೆ ತಕ್ಕ ಗಾಳಿ ಸಿಗುವುದಿಲ್ಲ. ನೀಲಿ ಉರಿ ಹಳದಿಯಾಗುತ್ತದೆ, ಮಸಿ ಕಟ್ಟುತ್ತದೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹೆಚ್ಚುತ್ತದೆ. ಕಲಬುರಗಿಯಲ್ಲಿ ಅಂಗಡಿ ಇಟ್ಟ ಹೊಸದರಲ್ಲಿ ನಾನೂ ನಮ್ಮನೆಯಲ್ಲೇ ಈ ಶಾಣ್ಯಾತನ ಮಾಡಿದ್ದೆ. ಎರಡೇ ದಿನಕ್ಕೆ ಗೀಸರಿನ ಮೋರೆಯೆಲ್ಲ ಕರಿ. "ತೊಗರಿ ಕಟ್ಟಿಗೆ ಹಾಕಿ ಕಾಸುತ್ತಿದ್ದ ಹಂಡೆಯೇ ಚಲೋ ಇತ್ತಲ್ಲೋ" ಅಂದಳು ಅವ್ವ.

ನಿನ್ನ ಗೀಸರ್ ಕೆಟ್ಟಿಲ್ಲ ಅಂತ ನನಗನ್ನಿಸುತ್ತದೆ. ಅದಕ್ಕೆ ಇಷ್ಟೇ ಬಿಸಿ ಅಂತ ಗೊತ್ತಿಲ್ಲ, ಇಷ್ಟು ಏರಿಸಬೇಕು ಅಂತ ಮಾತ್ರ ಗೊತ್ತು. ನಿಮಿಷಕ್ಕೆ 6 ಲೀಟರ್ ಹರಿದರೆ ಸುಮಾರು 25 ಡಿಗ್ರಿ ಏರಿಸುತ್ತದೆ. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ 36 ಡಿಗ್ರಿ ಇದ್ದರೆ 61 ಆಗುತ್ತದೆ, ಸುಡದೆ ಇರುತ್ತದೆಯೇ? ಈಗ 18 ಇದ್ದರೆ 43ಕ್ಕೆ ಬರಬೇಕು. ಸ್ನಾನಕ್ಕೆ ಅಷ್ಟು ಸಾಕು. ಆದರೆ ನಲ್ಲಿ ಪೂರ್ತಿ ತಿರುವಿ 9 ಲೀಟರ್ ಬಿಟ್ಟರೆ 35ರ ಹತ್ತಿರವೇ ನಿಲ್ಲುತ್ತದೆ. ಅದೇ ನಿನ್ನ ಉಗುರುಬೆಚ್ಚಗಿನ ನೀರು.

15 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡು. ಎರಡೂವರೆ ನಿಮಿಷಕ್ಕೆ ತುಂಬಿದರೆ ಹರಿವು ಸರಿ. ಅದಕ್ಕೂ ಬೇಗ ತುಂಬಿದರೆ ಗೀಸರಿನ ನೀರಿನ ನಾಬ್ ಸ್ವಲ್ಪ ಸ್ವಲ್ಪವೇ ತಗ್ಗಿಸು. ತೀರಾ ತಗ್ಗಿಸಿದರೆ ಉರಿ ಆರಿಹೋಗುತ್ತದೆ, ಗ್ಯಾಸಿನ ಬಾಗಿಲು ತೆರೆಯುವುದೇ ನೀರಿನ ಒತ್ತಡ. ಬೇಸಿಗೆ-ಚಳಿಗಾಲದ ನಾಬ್ ಇದ್ದರೆ ಅದನ್ನೂ ನೋಡು. ಎಷ್ಟೋ ಗೀಸರುಗಳಲ್ಲಿ ಬೇಸಿಗೆಗೆ ಇಟ್ಟರೆ ಅರ್ಧ ಬರ್ನರ್ ಮಾತ್ರ ಉರಿಯುತ್ತದೆ. ಮೇ ತಿಂಗಳಲ್ಲಿ ತಿರುವಿ ಮರೆತಿರಬಹುದು, ನಮ್ಮನೆಯಲ್ಲಿ ಪ್ರತಿ ವರ್ಷ ಇದೇ ಕಥೆ.

ಹರಿವು ಸರಿಯಿದ್ದೂ ಬಿಸಿ ಬಾರದಿದ್ದರೆ ಬೋರ್ ನೀರಿನ ಸುಣ್ಣ ತಾಮ್ರದ ಕೊಳವೆಯೊಳಗೆ ಕಟ್ಟಿರಬಹುದು. ಕಂಪನಿಯ ಮೆಕ್ಯಾನಿಕ್‌ನನ್ನೇ ಕರೆಸಿ ತೊಳೆಸು.

ಗೀಸರ್ ಬಚ್ಚಲೊಳಗಿದೆಯೋ ಹೊರಗಿದೆಯೋ ನೀನು ಬರೆದಿಲ್ಲ. ಒಳಗಿದ್ದರೆ ಆ ವಿಷಗಾಳಿ ಬಚ್ಚಲಲ್ಲೇ ತುಂಬೀತು, ಮೊದಲು ಹೊರಗೋಡೆಗೆ ಹಾಕಿಸು. ಅಲ್ಲಿಯವರೆಗೆ ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಕಿಟಕಿ ತೆರೆದು ಸ್ವಲ್ಪ ಹೊತ್ತು ಬಿಟ್ಟೇ ಸ್ನಾನಕ್ಕೆ ಹೋಗು.