ಮನೆಯ ಕಚೇರಿಗೆ ಸದ್ದಿಲ್ಲದ ಸ್ವಿಚ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಹಡಿಯ ಮೇಲಿನ ಪುಟ್ಟ ಕೋಣೆಯೇ ನನ್ನ ಕಚೇರಿ. ಕಂಪನಿ ಕೊಟ್ಟಿರುವ ಲ್ಯಾಪ್‌ಟಾಪ್, ಫೈಲುಗಳನ್ನು ಇಡುವ ನಾಸ್, ಪ್ರಿಂಟರ್, ಮನೆಯ ಕ್ಯಾಮೆರಾಗಳ ರೆಕಾರ್ಡರ್ ಮತ್ತು ಕೆಳಗಿನ ಟಿ.ವಿ.ಗೆ ಹೋಗುವ ಕೇಬಲ್, ಇವೆಲ್ಲವೂ ಇಲ್ಲಿಗೇ ಬಂದು ಸೇರುತ್ತವೆ. ಇವನ್ನೆಲ್ಲ ಕೇಬಲಿನಿಂದ ಒಂದೇ ನೆಟ್‌ವರ್ಕಿಗೆ ಸೇರಿಸುವ, ಈಗಿರುವ 5 ಪೋರ್ಟಿನ ಸಾದಾ ನೆಟ್‌ವರ್ಕ್ ಸ್ವಿಚ್ ಸಾಲುತ್ತಿಲ್ಲ. ಕಚೇರಿಯ ಯಂತ್ರಗಳನ್ನು ಕ್ಯಾಮೆರಾ, ಟಿ.ವಿ.ಗಳ ನೆಟ್‌ವರ್ಕಿನಿಂದ ಬೇರೆ ಇಡುವಂತೆ ಕಂಪನಿಯವರು ಹೇಳಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 24 ಪೋರ್ಟಿನ ಹಳೆಯ ಸಿಸ್ಕೊ ಕ್ಯಾಟಲಿಸ್ಟ್ 2960 ಅಗ್ಗಕ್ಕೆ ಸಿಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ರಾತ್ರಿ ಹೊತ್ತು ವಿಡಿಯೊ ಮೀಟಿಂಗ್‌ಗಳಿರುವುದರಿಂದ ಸದ್ದು ಇರಬಾರದು, 5,000 ರೂಪಾಯಿ ಮೀರಬಾರದು. ಯಾವುದನ್ನು ಕೊಳ್ಳಲಿ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಹಳೆಯ ಕ್ಯಾಟಲಿಸ್ಟ್ ಅನ್ನು ಬಿಟ್ಟುಬಿಡಿ. ಯಂತ್ರ ಕೆಟ್ಟದ್ದೇನಲ್ಲ, ಆದರೆ ಅದು ಮನುಷ್ಯರು ಕೂರುವ ಕೋಣೆಗಾಗಿ ತಯಾರಾದದ್ದಲ್ಲ. ರ‍್ಯಾಕಿಗೆ ಕೂರುವ ಇಂತಹ ಸ್ವಿಚ್‌ಗಳ ಎತ್ತರ ಒಂದು ‘ಯು’, ಅಂದರೆ 44.45 ಮಿಲಿಮೀಟರ್. ಅಷ್ಟು ತೆಳುವಾದ ಪೆಟ್ಟಿಗೆಯೊಳಗೆ ಸುಮಾರು 40 ಮಿಲಿಮೀಟರಿಗಿಂತ ದೊಡ್ಡ ಫ್ಯಾನ್ ನಿಲ್ಲುವುದಿಲ್ಲ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿ ತಳ್ಳುವಷ್ಟೇ ಗಾಳಿಯನ್ನು ತಳ್ಳಬೇಕಾದರೆ ಈ ಚಿಕ್ಕ ಫ್ಯಾನ್ ಬಹಳ ವೇಗವಾಗಿ ತಿರುಗಬೇಕಾಗುತ್ತದೆ, ಆದ್ದರಿಂದಲೇ ಅದು ಗುಂಯ್‌ಗುಡುವುದಿಲ್ಲ, ಕೀರಲು ದನಿಯಲ್ಲಿ ಕಿರುಚುತ್ತದೆ. ಮೀಟಿಂಗ್ ತಂತ್ರಾಂಶವು ಆ ಸದ್ದನ್ನು ಅತ್ತ ಕಡೆಯವರಿಗೆ ಕೇಳದಂತೆ ಸೋಸಬಹುದು, ಆದರೆ ಎಂಟು ಗಂಟೆ ಅದರ ಪಕ್ಕದಲ್ಲಿ ಕೂರಬೇಕಾದವರು ನೀವು. ಫ್ಯಾನ್ ಬದಲಿಸಿ ಸದ್ದು ತಗ್ಗಿಸುವವರೂ ಇದ್ದಾರೆ. ನಿಧಾನದ ಫ್ಯಾನ್ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ, ಕೆಲವು ಮಾದರಿಗಳಂತೂ ವೇಗ ಕುಸಿದದ್ದನ್ನು ಫ್ಯಾನ್ ಕೆಟ್ಟಿದೆ ಎಂದೇ ತಿಳಿದು ಎಚ್ಚರಿಕೆಯ ದೀಪ ಹಚ್ಚುತ್ತವೆ.

ಸದ್ದಿಗಿಂತ ದೊಡ್ಡ ತೊಡಕು ವೇಗದ್ದು. 2960 ಎಂಬ ಹೆಸರಿನಡಿ ಅನೇಕ ಮಾದರಿಗಳಿವೆ. ಅವುಗಳಲ್ಲಿ 24ಟಿಟಿ-ಎಲ್ ಎಂಬ ಮಾದರಿಯ 24 ಪೋರ್ಟುಗಳೂ ಸೆಕೆಂಡಿಗೆ 100 ಮೆಗಾಬಿಟ್‌ನವು, ಗಿಗಾಬಿಟ್ (1,000 ಮೆಗಾಬಿಟ್) ವೇಗವಿರುವುದು ರೂಟರಿಗೋ ಇನ್ನೊಂದು ಸ್ವಿಚ್‌ಗೋ ಜೋಡಿಸುವ ಎರಡು ಅಪ್‌ಲಿಂಕ್ ಪೋರ್ಟುಗಳಿಗೆ ಮಾತ್ರ. ನಿಮ್ಮ ನಾಸ್‌ಗೆ 20 ಗಿಗಾಬೈಟ್‌ನ ಬ್ಯಾಕಪ್ ಕಳಿಸಲು ಗಿಗಾಬಿಟ್ ಪೋರ್ಟಿನಲ್ಲಿ ಮೂರು ನಿಮಿಷ ಸಾಕಾದರೆ 100 ಮೆಗಾಬಿಟ್‌ನಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ವಿದ್ಯುತ್ತಿನ ಲೆಕ್ಕವೂ ಇದೆ: ಹಗಲಿರುಳು 30 ವ್ಯಾಟ್ ಎಳೆಯುವ ಯಂತ್ರ ವರ್ಷಕ್ಕೆ 263 ಯೂನಿಟ್ ತಿನ್ನುತ್ತದೆ, 5 ವ್ಯಾಟ್ ಎಳೆಯುವಂಥದ್ದಕ್ಕೆ 44 ಯೂನಿಟ್ ಸಾಕು. ಅಗ್ಗಕ್ಕೆ ತಂದದ್ದರಲ್ಲಿ ಉಳಿದ ಹಣ ಮೆಲ್ಲಗೆ ಕರೆಂಟ್ ಬಿಲ್ಲಿನಲ್ಲಿ ಹೋಗಿಬಿಡುತ್ತದೆ. ಎಸ್.ಪಿ. ರಸ್ತೆಯಿಂದಲೇ ತರಬೇಕೆಂಬ ಆಸೆಯಿದ್ದರೆ ಸಿಸ್ಕೊದ್ದೇ ಫ್ಯಾನ್ ಇಲ್ಲದ ‘ಕಾಂಪ್ಯಾಕ್ಟ್’ ಮಾದರಿಗಳನ್ನು, ಉದಾಹರಣೆಗೆ 3560ಸಿಎಕ್ಸ್ ಸರಣಿಯ 8 ಪೋರ್ಟಿನದ್ದನ್ನು, ವಿಚಾರಿಸಬಹುದು. ಆದರೆ ಅದನ್ನು ಹೊಂದಿಸಲು ಆಜ್ಞೆಗಳನ್ನು ಬೆರಳಚ್ಚಿಸಿ ಕಲಿಯುವ ತಾಳ್ಮೆ ಬೇಕು.

ನಿಮಗೆ ಬೇಕಾದದ್ದು ಫ್ಯಾನ್ ಇಲ್ಲದ, 8 ಗಿಗಾಬಿಟ್ ಪೋರ್ಟುಗಳಿರುವ, ಬ್ರೌಸರಿನಿಂದ ಹೊಂದಿಸಬಹುದಾದ ‘ಸ್ಮಾರ್ಟ್’ ವರ್ಗದ ಸ್ವಿಚ್. ಟಿಪಿ-ಲಿಂಕ್ ಟಿಎಲ್-ಎಸ್‌ಜಿ108ಇ, ನೆಟ್‌ಗಿಯರ್ ಜಿಎಸ್308ಇ, ಡಿ-ಲಿಂಕ್ ಡಿಜಿಎಸ್-1100-08 ಇವು ಮೂರೂ ಇದೇ ಜಾತಿಯವು, ಸಾಮಾನ್ಯವಾಗಿ ನಿಮ್ಮ ಮಿತಿಯೊಳಗೇ ಸಿಗುತ್ತವೆ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಹೆಸರನ್ನು ಅಕ್ಷರಶಃ ಓದಿ: ಕೊನೆಯ ‘ಇ’ ಇಲ್ಲದ ಎಸ್‌ಜಿ108 ಮತ್ತು ಜಿಎಸ್308 ಹೊಂದಿಸಲು ಬಾರದ ಸಾದಾ ಸ್ವಿಚ್‌ಗಳು. ನೋಡಲು ಅವು ಹೆಚ್ಚುಕಡಿಮೆ ಒಂದೇ ಥರ, ಬೆಲೆಯಲ್ಲೂ ದೊಡ್ಡ ಅಂತರವಿಲ್ಲ, ಹಾಗಾಗಿ ಕೌಂಟರಿನಲ್ಲಿ ಕೊಟ್ಟವರಿಗೂ ತೆಗೆದುಕೊಂಡವರಿಗೂ ಮನೆಗೆ ಹೋಗುವ ತನಕ ವ್ಯತ್ಯಾಸ ತಿಳಿಯುವುದಿಲ್ಲ. ‘ಸ್ವಿಚಿಂಗ್ ಸಾಮರ್ಥ್ಯ 16 ಜಿಬಿಪಿಎಸ್’ ಎಂದು ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಮರುಳಾಗಬೇಕಿಲ್ಲ. ಎಂಟು ಪೋರ್ಟುಗಳು ಏಕಕಾಲಕ್ಕೆ ಎರಡೂ ದಿಕ್ಕಿನಲ್ಲಿ ಪೂರ್ತಿ ವೇಗದಲ್ಲಿ ಓಡಿದರೆ ಬರುವ ಮೊತ್ತವೇ 16, ಈ ವರ್ಗದ ಎಲ್ಲ ಸ್ವಿಚ್‌ಗಳೂ ಅಷ್ಟೇ ಹೇಳುತ್ತವೆ.

ಕೊಳ್ಳುವ ಮುನ್ನ ರೂಟರ್ ಕಡೆಗೆ ನೋಡಿ, ಏಕೆಂದರೆ ನಿಮ್ಮ ಕಂಪನಿಯ ಸೂಚನೆ ನೆರವೇರುವುದೋ ಇಲ್ಲವೋ ಎಂಬುದು ಸ್ವಿಚ್‌ಗಿಂತ ಹೆಚ್ಚಾಗಿ ಅದನ್ನೇ ಅವಲಂಬಿಸಿದೆ. ಒಂದು ಸ್ವಿಚ್ಚನ್ನು ಹಲವು ನೆಟ್‌ವರ್ಕ್‌ಗಳಾಗಿ ಒಡೆಯುವ ಪದ್ಧತಿಗೆ ವಿಲ್ಯಾನ್ ಎನ್ನುತ್ತಾರೆ, ಅದರ ಮಾನಕ 802.1ಕ್ಯೂ. ದತ್ತಾಂಶದ ಪ್ರತಿ ಪೊಟ್ಟಣದ ತಲೆಯಲ್ಲಿ 4 ಬೈಟ್‌ನ ಚೀಟಿಯೊಂದನ್ನು ಸೇರಿಸಿ, ಅದು ಯಾವ ವಿಲ್ಯಾನ್‌ಗೆ ಸೇರಿದ್ದೆಂದು ಗುರುತಿಸಲಾಗುತ್ತದೆ. ಸ್ವಿಚ್ ಮಾಡುವುದು ಮನೆಯ ನಡುವೆ ಗೋಡೆ ಎಬ್ಬಿಸುವ ಕೆಲಸ. ಗೋಡೆಯಲ್ಲಿ ಬಾಗಿಲು ಇಡುವುದು, ಯಾರು ಯಾವ ಕಡೆಯಿಂದ ದಾಟಬಹುದೆಂದು ನಿರ್ಧರಿಸುವುದು ರೂಟರಿನ ಕೆಲಸ. ಇಂಟರ್‌ನೆಟ್ ಸಂಪರ್ಕದ ಜೊತೆಗೆ ಬರುವ ರೂಟರ್‌ಗಳಲ್ಲಿ ಮನೆಯೊಳಗಿನ ಪೋರ್ಟುಗಳಿಗೆ ಚೀಟಿ ಹಚ್ಚುವ ಸೌಲಭ್ಯ ಅನೇಕ ವೇಳೆ ಇರುವುದಿಲ್ಲ. ನಿಮ್ಮ ರೂಟರನ್ನು ಹೊಂದಿಸುವ ಪುಟದಲ್ಲಿ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಭಾಗದೊಳಗೆ ವಿಲ್ಯಾನ್ ಎಂಬ ಆಯ್ಕೆ ಇದೆಯೇ ಎಂದು ಮೊದಲು ಹುಡುಕಿ. ವ್ಯಾನ್ (ಹೊರಗಿನ ಸಂಪರ್ಕ) ವಿಭಾಗದಲ್ಲಿ ಕಾಣುವ ವಿಲ್ಯಾನ್ ಸಂಖ್ಯೆ ಸೇವಾದಾರರಿಗೆ ಸಂಬಂಧಿಸಿದ್ದು, ಅದನ್ನು ಮುಟ್ಟಿದರೆ ಇಂಟರ್‌ನೆಟ್ಟೇ ನಿಂತೀತು.

ಸೌಲಭ್ಯವಿದ್ದರೆ ಜೋಡಣೆ ಹೀಗಿರಲಿ. ಸ್ವಿಚ್‌ನ 1ನೇ ಪೋರ್ಟ್ ರೂಟರಿಗೆ ಹೋಗುತ್ತದೆ, ಅದು ವಿಲ್ಯಾನ್ 10 (ಕಚೇರಿ) ಮತ್ತು 20 (ಮನೆ) ಎರಡಕ್ಕೂ ‘ಟ್ಯಾಗ್ಡ್’, ಅಂದರೆ ಚೀಟಿ ಸಹಿತದ ಸದಸ್ಯ. ಲ್ಯಾಪ್‌ಟಾಪ್, ನಾಸ್, ಪ್ರಿಂಟರ್ ಇರುವ 2, 3, 4ನೇ ಪೋರ್ಟುಗಳು ವಿಲ್ಯಾನ್ 10ಕ್ಕೆ, ರೆಕಾರ್ಡರ್ ಮತ್ತು ಟಿ.ವಿ. ಇರುವ 5, 6ನೇ ಪೋರ್ಟುಗಳು ವಿಲ್ಯಾನ್ 20ಕ್ಕೆ ಚೀಟಿಯಿಲ್ಲದ ‘ಅನ್‌ಟ್ಯಾಗ್ಡ್’ ಸದಸ್ಯರು. ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ: ಸದಸ್ಯತ್ವ ಒಂದು ಪುಟದಲ್ಲಿದ್ದರೆ ಪಿವಿಐಡಿ ಎಂಬ ಸಂಖ್ಯೆ ಇನ್ನೊಂದು ಪುಟದಲ್ಲಿರುತ್ತದೆ. ಚೀಟಿಯಿಲ್ಲದೆ ಒಳಬರುವ ಪೊಟ್ಟಣವನ್ನು ಯಾವ ವಿಲ್ಯಾನ್‌ಗೆ ಸೇರಿಸಬೇಕೆಂದು ಹೇಳುವುದು ಆ ಸಂಖ್ಯೆ. 2ರಿಂದ 4ಕ್ಕೆ 10, 5 ಮತ್ತು 6ಕ್ಕೆ 20 ಎಂದು ಅಲ್ಲಿಯೂ ನಮೂದಿಸದಿದ್ದರೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಆದರೆ ಲ್ಯಾಪ್‌ಟಾಪಿಗೆ ಐಪಿ ವಿಳಾಸವೇ ಸಿಗುವುದಿಲ್ಲ. 8ನೇ ಪೋರ್ಟನ್ನು ಕಾರ್ಖಾನೆಯಿಂದಲೇ ಬರುವ ವಿಲ್ಯಾನ್ 1ರಲ್ಲೇ ಬಿಟ್ಟು, ಹೊಂದಿಸುವ ಕೆಲಸವನ್ನು ಅಲ್ಲಿಂದಲೇ ಮಾಡಿದರೆ ನಡುವೆ ನೀವೇ ಹೊರಗುಳಿಯುವ ಪ್ರಸಂಗ ಬರುವುದಿಲ್ಲ. ಕೆಲವು ಮಾದರಿಗಳಲ್ಲಿ ಕೊನೆಗೆ ‘ಸೇವ್ ಕಾನ್ಫಿಗ್’ ಎಂಬುದನ್ನು ಪ್ರತ್ಯೇಕವಾಗಿ ಒತ್ತಬೇಕು, ಇಲ್ಲವಾದರೆ ಕರೆಂಟ್ ಹೋಗಿ ಬಂದ ಕೂಡಲೇ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ರೂಟರಿನಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಅರ್ಧ ದಾರಿಯೊಂದಿದೆ. ಎಲ್ಲ ಪೋರ್ಟುಗಳೂ ವಿಲ್ಯಾನ್ 1ರ ಅನ್‌ಟ್ಯಾಗ್ಡ್ ಸದಸ್ಯರಾಗಿಯೇ ಉಳಿಯಲಿ. ಅದರ ಜೊತೆಗೆ ಕಚೇರಿಯವು 10ರಲ್ಲಿ, ಮನೆಯವು 20ರಲ್ಲಿ, ರೂಟರಿನ ಪೋರ್ಟ್ ಎರಡರಲ್ಲೂ ಅನ್‌ಟ್ಯಾಗ್ಡ್ ಆಗಿಯೇ ಇರಲಿ, ಪಿವಿಐಡಿ ಮಾತ್ರ ಕ್ರಮವಾಗಿ 10, 20 ಮತ್ತು 1 ಆಗಿರಲಿ. ಆಗ ಎರಡೂ ಗುಂಪು ಇಂಟರ್‌ನೆಟ್ ತಲುಪುತ್ತವೆ, ಸ್ವಿಚ್‌ನ ಮೂಲಕ ಒಂದನ್ನೊಂದು ತಲುಪುವುದಿಲ್ಲ. ಆದರೆ ರೂಟರಿನ ವೈ-ಫೈಗೆ ಸೇರಿದ ಫೋನುಗಳು ಎರಡೂ ಗುಂಪಿಗೆ ಕಾಣುತ್ತಲೇ ಇರುತ್ತವೆ, ಹಾಗಾಗಿ ಕಂಪನಿಯವರು ಇದನ್ನು ಒಪ್ಪುತ್ತಾರೆಯೇ ಎಂದು ಕೇಳಿ ಮುಂದುವರಿಯಿರಿ. ಒಪ್ಪದಿದ್ದರೆ ವಿಲ್ಯಾನ್ ಬಲ್ಲ ಪುಟ್ಟ ರೂಟರ್, ಮೈಕ್ರೊಟಿಕ್ ಹೆಕ್ಸ್ ಅಥವಾ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಓಡಬಲ್ಲ ಯಾವುದಾದರೊಂದು, ಬೇಕೇ ಬೇಕು. ನನ್ನನ್ನು ಕೇಳಿದರೆ ದುಬಾರಿ ಸ್ವಿಚ್‌ಗೆ ಸುರಿಯುವ ಹಣವನ್ನು ಈ ರೂಟರಿಗೆ ಹಾಕುವುದು ಹೆಚ್ಚು ಸಾರ್ಥಕ.

ಅಗ್ಗದ ಸ್ಮಾರ್ಟ್ ಸ್ವಿಚ್‌ಗಳ ಒಂದು ಕೊರತೆಯನ್ನು ಹೇಳಲೇಬೇಕು. ಈ ವರ್ಗದ ಹಲವು ಮಾದರಿಗಳಲ್ಲಿ ಹೊಂದಿಸುವ ಪುಟ ತೆರೆಯುವುದು ಗುಪ್ತಲಿಪಿಯಿಲ್ಲದ ಎಚ್‌ಟಿಟಿಪಿಯಲ್ಲಿ, ಆ ಪುಟವನ್ನು ಒಂದೇ ವಿಲ್ಯಾನ್‌ಗೆ ಸೀಮಿತಗೊಳಿಸುವ ಅವಕಾಶವೂ ಇರುವುದಿಲ್ಲ. ಅಂದರೆ ಟಿ.ವಿ. ಇರುವ ಕಡೆಯಿಂದಲೂ ಆ ಪುಟದ ಬಾಗಿಲು ತಟ್ಟಬಹುದು. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ, ಹೊಸ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಹಾಕಿದರೆ ಮನೆಯ ಮಟ್ಟಿಗೆ ನಡೆಯುತ್ತದೆ. ಬಜೆಟ್ಟನ್ನು ಕೊಂಚ ಹಿಗ್ಗಿಸುವುದಾದರೆ ಜಿಕ್ಸೆಲ್ ಜಿಎಸ್1900-8 ಅಥವಾ ಟಿಪಿ-ಲಿಂಕ್ ಟಿಎಲ್-ಎಸ್‌ಜಿ2008 ನೋಡಿ. ಅವುಗಳಲ್ಲಿ ಗುಪ್ತಲಿಪಿಯಿರುವ ಎಚ್‌ಟಿಟಿಪಿಎಸ್ ಮತ್ತು ನಿರ್ವಹಣೆಗೇ ಮೀಸಲಾದ ವಿಲ್ಯಾನ್ ಎರಡೂ ಇವೆ, ಫ್ಯಾನ್ ಇಲ್ಲ.

ಇನ್ನೊಂದು ಸಂಗತಿ: ಪ್ರಿಂಟರ್ ಕಚೇರಿಯ ಕಡೆಗೆ ಹೋದ ಮೇಲೆ ಮನೆಯವರ ಫೋನುಗಳಿಗೆ ಅದು ತಾನಾಗಿ ಕಾಣಿಸುವುದಿಲ್ಲ, ಏಕೆಂದರೆ ಪ್ರಿಂಟರ್ ‘ನಾನಿದ್ದೇನೆ’ ಎಂದು ಸಾರುವ ಸಂದೇಶ ವಿಲ್ಯಾನ್ ದಾಟುವುದಿಲ್ಲ. ಮಕ್ಕಳ ಶಾಲೆಯ ಪ್ರಾಜೆಕ್ಟ್ ಅಚ್ಚಾಗುವುದು ಅದರಲ್ಲೇ ಆದರೆ ಪ್ರಿಂಟರನ್ನು ಮನೆಯ ಕಡೆಗೇ ಬಿಟ್ಟು, ಕಚೇರಿಯಿಂದ ಅದಕ್ಕೆ ಹೋಗಲು ಮಾತ್ರ ರೂಟರಿನಲ್ಲಿ ಅನುಮತಿ ಕೊಡುವುದು ಮೇಲು.

ಪ್ರಶ್ನೆ: ಮನೆಯ ಸುತ್ತ ನಾಲ್ಕು ಐಪಿ ಕ್ಯಾಮೆರಾ ಹಾಕಿಸುತ್ತಿದ್ದೇನೆ. ಕೇಬಲಿನಲ್ಲೇ ವಿದ್ಯುತ್ ಕೊಡುವ ಪಿಒಇ ಸ್ವಿಚ್ ಬೇಕು, ಅದೂ ಫ್ಯಾನ್ ಇಲ್ಲದ್ದು. ನಮ್ಮ ಊರಿನ ಬೇಸಗೆಯಲ್ಲಿ ಅದು ತಡೆದೀತೇ?
(ಓದುಗರೊಬ್ಬರು, ಕಲಬುರಗಿ)

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಈ ವರ್ಗದ ಬಹುಪಾಲು ಸ್ವಿಚ್‌ಗಳ ವಿವರಪಟ್ಟಿಯಲ್ಲಿ ಕೆಲಸದ ಉಷ್ಣಾಂಶ 0ಯಿಂದ 40 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ, ಕಲಬುರಗಿಯ ಏಪ್ರಿಲ್, ಮೇ ತಿಂಗಳುಗಳು ಆ ಗೆರೆಯನ್ನು ಸಲೀಸಾಗಿ ದಾಟುತ್ತವೆ. ಫ್ಯಾನ್ ಇಲ್ಲದ ಸ್ವಿಚ್ ತನ್ನ ಶಾಖವನ್ನು ಮೈಯ ಮೂಲಕವೇ ಹೊರಹಾಕಬೇಕಾದ್ದರಿಂದ ಪ್ಲಾಸ್ಟಿಕ್ಕಿನದಕ್ಕಿಂತ ಲೋಹದ ಹೊದಿಕೆಯದ್ದು ಒಳ್ಳೆಯದು. 45 ಅಥವಾ 50 ಡಿಗ್ರಿಯವರೆಗೆ ಎಂದು ಬರೆದಿರುವ ಮಾದರಿಗಳೂ ಇವೆ, ನೀವು ಅವನ್ನೇ ಹುಡುಕಿ. ಅದನ್ನು ಅಟ್ಟದ ಮೇಲೆ ಅಥವಾ ಟಿ.ವಿ.ಯ ಮುಚ್ಚಿದ ಕಪಾಟಿನೊಳಗೆ ಇಡಬೇಡಿ. ತಂಪಾದ ಕೋಣೆಯ ಒಳಗೋಡೆಗೆ, ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ನೇತುಹಾಕಿದರೆ ಸಾಕು.

ಪಿಒಇ ವಿಷಯದಲ್ಲಿ ಪೋರ್ಟಿನ ಲೆಕ್ಕಕ್ಕಿಂತ ಒಟ್ಟು ವ್ಯಾಟಿನ ಲೆಕ್ಕ ಮುಖ್ಯ. 2003ರ 802.3ಎಎಫ್ ಮಾನಕದಂತೆ ಒಂದು ಪೋರ್ಟ್ 15.4 ವ್ಯಾಟ್ ಕೊಡಬಲ್ಲದು. ಕೇಬಲಿನಲ್ಲಿ ಕಳೆದು ಕ್ಯಾಮೆರಾಗೆ ಖಾತರಿಯಾಗಿ ಸಿಗುವುದು 12.95. 2009ರ 802.3ಎಟಿ ಇದನ್ನು 30 ವ್ಯಾಟಿಗೆ ಏರಿಸಿತು. ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿದಾಗ ಕ್ಯಾಮೆರಾ ಹೆಚ್ಚು ಎಳೆಯುತ್ತದೆ, ಆದ್ದರಿಂದ ಅದರ ಗರಿಷ್ಠ ಸಂಖ್ಯೆಯನ್ನೇ ಹಿಡಿದು ನಾಲ್ಕರಿಂದ ಗುಣಿಸಿ, ಮೇಲೆ ಕಾಲು ಭಾಗ ಸೇರಿಸಿ. ತಲಾ 10 ವ್ಯಾಟ್ ಎಂದರೆ 50 ವ್ಯಾಟ್ ಆಯಿತು. 60 ವ್ಯಾಟ್ ಆಸುಪಾಸಿನ ಪಿಒಇ ಸ್ವಿಚ್‌ಗಳು ಫ್ಯಾನ್ ಇಲ್ಲದೆಯೇ ಸುಲಭವಾಗಿ ಸಿಗುತ್ತವೆ, ವ್ಯಾಟ್ ನೂರು ದಾಟಿದಂತೆ ಫ್ಯಾನ್ ತಲೆಹಾಕತೊಡಗುತ್ತದೆ. ಮಾನಕದ ಹೆಸರಿಲ್ಲದೆ ಬರೀ ‘24 ವೋಲ್ಟ್ ಪಿಒಇ’ ಎಂದು ಮಾರುವುದನ್ನು ತರಬೇಡಿ. ಅಂಥವು ಎದುರಿಗಿರುವ ಉಪಕರಣಕ್ಕೆ ವಿದ್ಯುತ್ ಬೇಕೇ ಎಂದು ವಿಚಾರಿಸದೆಯೇ ತಂತಿಗೆ ಹರಿಸಿಬಿಡುತ್ತವೆ.

ರೂಟರಿಗೆ ಬಳಸುವ 12 ವೋಲ್ಟಿನ ಮಿನಿ ಯುಪಿಎಸ್ ಇದಕ್ಕೆ ಆಗುವುದಿಲ್ಲ. ಪಿಒಇ ಸ್ವಿಚ್‌ಗಳ ಅಡಾಪ್ಟರ್ ಸಾಮಾನ್ಯವಾಗಿ 48ರಿಂದ 54 ವೋಲ್ಟಿನದು, ಆದ್ದರಿಂದ ಅದನ್ನು ಮನೆಯ ಇನ್‌ವರ್ಟರಿನ ಸಾಲಿಗೇ ಕೊಡಬೇಕು. ಮುಂಗಾರಿಗೆ ಮುನ್ನ ಗುಡುಗು ಸಿಡಿಲು ಜೋರಾಗಿರುವ ದಿನಗಳಲ್ಲಿ ಗೇಟಿನ ಕ್ಯಾಮೆರಾದ ತಾಮ್ರದ ತಂತಿಯಲ್ಲಿ ಬರುವ ಹೊಡೆತಕ್ಕೆ ಪೋರ್ಟುಗಳು ಸುಡುವುದು ಸಾಮಾನ್ಯ. ಹೊರಗಿನ ತಂತಿಗಳಿಗೆ ಸರ್ಜ್ ರಕ್ಷಕ ಹಾಕಿಸಿ, ಅದರ ಅರ್ಥಿಂಗ್ ಮನೆಯ ಅರ್ಥಿಂಗಿಗೆ ನಿಜಕ್ಕೂ ತಲುಪಿದೆಯೇ ಎಂದು ಎಲೆಕ್ಟ್ರೀಷಿಯನ್‌ನಿಂದ ಪರೀಕ್ಷಿಸಿಸಿ, ಅರ್ಥಿಂಗ್ ಇಲ್ಲದ ರಕ್ಷಕ ಬರೀ ಅಲಂಕಾರ.

ಪ್ರಶ್ನೆ: ಹೊಸದಾಗಿ ಕೊಳ್ಳುವಾಗ ಗಿಗಾಬಿಟ್ ಬಿಟ್ಟು 2.5 ಗಿಗಾಬಿಟ್ ಸ್ವಿಚ್ಚನ್ನೇ ತೆಗೆದುಕೊಳ್ಳಬೇಕೇ? ನನ್ನ ಇಂಟರ್‌ನೆಟ್ 300 ಎಂಬಿಪಿಎಸ್.
(ಓದುಗರೊಬ್ಬರು, ಮೈಸೂರು)

ಉತ್ತರ: ಇಂಟರ್‌ನೆಟ್ಟಿಗಾಗಿ ಬೇಕಿಲ್ಲ. ನಿಮ್ಮ ಕಂಪ್ಯೂಟರ್ ಮತ್ತು ನಾಸ್ ಎರಡರಲ್ಲೂ 2.5 ಗಿಗಾಬಿಟ್ ಪೋರ್ಟುಗಳಿದ್ದು, ದೊಡ್ಡ ವಿಡಿಯೊ ಫೈಲುಗಳು ದಿನವೂ ಅವುಗಳ ನಡುವೆ ಓಡಾಡುತ್ತಿದ್ದರೆ ಮಾತ್ರ ಯೋಚಿಸಿ. ಗೋಡೆಯೊಳಗಿನ ಕ್ಯಾಟ್5ಇ ತಂತಿಯನ್ನು ಕೀಳಿಸಬೇಕಿಲ್ಲ, ಏಕೆಂದರೆ 2016ರ 802.3ಬಿಜ಼ಡ್ ಮಾನಕವು ಅದೇ ತಂತಿಯಲ್ಲಿ 100 ಮೀಟರ್‌ವರೆಗೆ ಈ ವೇಗವನ್ನು ಒಯ್ಯುವುದಕ್ಕಾಗಿಯೇ ರೂಪುಗೊಂಡದ್ದು. ಇಂತಹ ಸ್ವಿಚ್‌ಗಳಲ್ಲಿರುವ, ಬೇಕಾದ ಮಾಡ್ಯೂಲ್ ತೂರಿಸುವ ಎಸ್‌ಎಫ್‌ಪಿ+ ಕಿಂಡಿಗೆ ತಾಮ್ರದ 10 ಗಿಗಾಬಿಟ್ ಮಾಡ್ಯೂಲ್ ಹಾಕುವ ಆಲೋಚನೆಯಿದ್ದರೆ ಕೈಬಿಡಿ. ಅದು ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, ಫ್ಯಾನ್ ಇಲ್ಲದ ಪೆಟ್ಟಿಗೆಗೆ ಅದು ಭಾರ. ಒಂದೆರಡು ಮೀಟರ್ ದೂರಕ್ಕಾದರೆ ಎರಡೂ ತುದಿಗೆ ಮಾಡ್ಯೂಲ್ ಕೂಡಿಕೊಂಡೇ ಬರುವ ಡಿಎಸಿ ಕೇಬಲ್ ಹಾಕಿ, ಅದು ಅಗ್ಗ, ತಣ್ಣಗೂ ಇರುತ್ತದೆ.