ಕಾಲು ಅಲ್ಲಾಡಿಸದೆ ತೊಡೆಗೆ ಬಲ ಬರುತ್ತದಾ?

ಪ್ರಶ್ನೆ: ನನಗೆ 52 ವರ್ಷ. ಬ್ಯಾಡಗಿಯಲ್ಲಿ ನೆಲಕ್ಕೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಅಂಗಳದಲ್ಲಿ ಜಾರಿ ಬಿದ್ದು ಬಲ ಮೊಣಕಾಲ ಚಿಪ್ಪು ಬಿರುಕು ಬಿಟ್ಟಿತ್ತು. 6 ವಾರದ ಪ್ಲಾಸ್ಟರ್ ಬಿಚ್ಚಿ 8 ದಿನ ಆಯಿತು. ತೊಡೆ ಸೊರಗಿದೆ, ನಿಂತರೆ ಕಾಲು ಕೈಕೊಡುತ್ತದೆ. ಡಾಕ್ಟರು ಸುಮ್ನೆ ತೊಡೆ ಬಿಗಿ ಹಿಡಿಯಿರಿ ಎನ್ನುತ್ತಾರೆ. ಅದರಿಂದ ಏನಾದೀತು? ಬಿ.ಪಿ. ಮಾತ್ರೆಯೂ ಇದೆ.

ಉತ್ತರ: ಬಲ ಖಂಡಿತ ಬರುತ್ತದೆ ಅಕ್ಕಾವ್ರೇ. ತುಂಬಿದ ಕೊಡ ಸೊಂಟದ ಮೇಲಿಟ್ಟು ನಡೆಯುವಾಗ ಕೊಡ ಹಿಡಿದ ಕೈ ಅಲ್ಲಾಡುವುದಿಲ್ಲ. ಆದರೂ ತೋಳು ಸೋಲುತ್ತದೆ, ಅಲ್ವಾ? ಕೀಲು ಮಡಚದೆಯೇ ಸ್ನಾಯು ದುಡಿಯುತ್ತದೆ. ಇದಕ್ಕೇ ಐಸೊಮೆಟ್ರಿಕ್ ವ್ಯಾಯಾಮ ಅನ್ನುತ್ತೇವೆ.

ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೂ 6 ವರ್ಷದ ಹಿಂದೆ ಇದೇ ಪ್ಲಾಸ್ಟರ್ ಬಿದ್ದಿತ್ತು. ಬಿಚ್ಚಿದ ದಿನ ಟೇಪ್ ಹಿಡಿದರೆ ಎಡ ತೊಡೆ 3 ಸೆಂಟಿಮೀಟರ್ ಸಣ್ಣ. ಬಿಗಿ ಮಾಡಲು ಹೋದರೆ ತೊಡೆ ಮಾತೇ ಕೇಳಲಿಲ್ಲ. ಕಣ್ಣಲ್ಲಿ ನೀರು ಬಂತು. ಬಾತ ಕೀಲು ನರಗಳ ಮೂಲಕ ತೊಡೆಯನ್ನು ತಡೆದು ಹಿಡಿದಿರುತ್ತದೆ. ಅದಕ್ಕೇ ಮೊದಲ ದಿನಗಳಲ್ಲಿ ಏನೂ ಆಗುತ್ತಿಲ್ಲ ಅನಿಸುತ್ತದೆ. ಬಿಡಬೇಡಿ.

ಕಾಲು ಚಾಚಿ ಕೂತುಕೊಳ್ಳಿ. ಮೊಣಕಾಲ ಅಡಿಯಲ್ಲಿ ಸುರುಳಿ ಸುತ್ತಿದ ಟವೆಲ್ ಇಡಿ. ಚಿಪ್ಪಿನ ಮೇಲ್ಗಡೆ ತೊಡೆಯ ಮೇಲೆ ಅಂಗೈ ಇಟ್ಟುಕೊಂಡು, ಮೊಣಕಾಲ ಹಿಂಬದಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ. ಮೆತ್ತಗಿದ್ದ ಮಾಂಸ ಕೈಯಡಿ ಗಟ್ಟಿಯಾಗಬೇಕು. 6 ಎಣಿಸಿ ಬಿಡಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. 1953ರಲ್ಲಿ ಜರ್ಮನಿಯ ಸಂಶೋಧಕರಾದ ಹೆಟ್ಟಿಂಗರ್ ಮತ್ತು ಮ್ಯುಲ್ಲರ್ ದಿನಕ್ಕೆ 6 ಸೆಕೆಂಡಿನ ಒಂದೇ ಹಿಡಿತ ಸಾಕು, ವಾರಕ್ಕೆ ಶೇಕಡಾ 5ರಷ್ಟು ಬಲ ಹೆಚ್ಚುತ್ತದೆ ಎಂದಿದ್ದರು. ಆಮೇಲೆ ಮಾಡಿ ನೋಡಿದವರಿಗೆ ಅಷ್ಟು ಸಿಗಲಿಲ್ಲ. ಅದಕ್ಕೇ ನಾನು ಜಾಸ್ತಿ ಸಲ ಹೇಳುತ್ತೇನೆ.

ನಿಮಗೆ ಬಿ.ಪಿ. ಇರುವುದರಿಂದ ಎಣಿಕೆ ಬಾಯಿಬಿಟ್ಟು ಆಗಲಿ: ಒಂದು, ಎರಡು, ಮೂರು. ಮಾತಾಡುತ್ತಿದ್ದರೆ ಉಸಿರು ಕಟ್ಟುವುದಿಲ್ಲ. ಬಿಗಿ ಹಿಡಿದಾಗ ಬಿ.ಪಿ. ಏರುತ್ತದೆ, ಉಸಿರು ಕಟ್ಟಿದರೆ ಇನ್ನೂ ಏರುತ್ತದೆ. ಮೊದಲ ವಾರ ಅರ್ಧ ಬಲವೇ ಸಾಕು. ತಲೆ ಸುತ್ತಿದರೆ, ಎದೆ ನೋವು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೀನಖಂಡ ಬಾತು ಬಿಸಿಯಾಗಿ ನೋಯತೊಡಗಿದರೂ ಅವತ್ತೇ ಹೋಗಿ. ಪ್ಲಾಸ್ಟರ್ ಬಿಚ್ಚಿದವರಿಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ.

ಈ ವ್ಯಾಯಾಮಕ್ಕೆ ಒಂದು ಮಿತಿ ಇದೆ. ಯಾವ ಕೋನದಲ್ಲಿ ಒತ್ತುತ್ತೀರೋ ಬಲ ಹೆಚ್ಚಾಗಿ ಅಲ್ಲೇ, ಅದರ ಆಸುಪಾಸಿನಲ್ಲೇ ಬರುತ್ತದೆ. ನಿಮಗೆ ನೆಲದಿಂದ ಏಳುವ ಬಲ ಬೇಕು. ಹಾಗಾಗಿ ಮಡಚಲು ಡಾಕ್ಟರು ಒಪ್ಪಿದ ಮೇಲೆ ಕುರ್ಚಿಯಲ್ಲಿ ಕೂತು, ಬಲಗಾಲಿನ ಪಾದದ ಗಂಟಿನ ಮುಂದೆ ಎಡಗಾಲಿನ ಪಾದದ ಗಂಟು ಅಡ್ಡ ಇಡಿ. ಬಲಗಾಲು ಚಾಚಲು ಹೋಗಲಿ, ಎಡಗಾಲು ತಡೆಯಲಿ. ಕಾಲು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಇಟ್ಟು ಬೇರೆ ಬೇರೆ ಕೋನದಲ್ಲಿ ಮಾಡಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು ಬಿ.ಪಿ.ಗೆ ಒಳ್ಳೆಯದೆಂದು ಯಾರಾದರೂ ಹೇಳಿಯಾರು. ಮಾತು ನಿಜ, ಆದರೆ ನಿಮ್ಮ ಚಿಪ್ಪಿಗೆ ಈಗ ಬೇಡ.

ಕೆಲಸಕ್ಕೆ ಮರಳಿದಾಗ ಎತ್ತರದ ಸ್ಟೂಲ್ ಕೇಳಿ ಪಡೆಯಿರಿ. ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಎರಡೂ ತೊಡೆ ಇವತ್ತೇ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳು ಬಿಟ್ಟು ಮತ್ತೆ ಅಳೆದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.